ಅರ್ಧಣ್ಣ

“ಏನ್ರಪ್ಪಾ, ಇದು ಲಾಂಡ್ರಿನೋ, ಮಾವನ ಮನೆನೋ? ಮೈ ಬಗ್ಗಿಸಿ ದುಡಿದ್ರೆ ತಾನೇ ಅನ್ನ, ಅಲ್ವೇನಪ್ಪಾ?”

ಯಜಮಾನರ ಮೂಗುದನಿ ಕೇಳಿದ್ದೇ ತಡ, ಮಡಿಚುವ ಕೋಣೆಯಲ್ಲಿ ಹರಟುತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಇಸ್ತ್ರಿಯಮ್ಮ ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯದೆ ನುಂಗಿದಳು. ತಂತಿಯ ಮೇಲೆ ತೂಗುತ್ತಿದ್ದ ಆಸ್ಪತ್ರೆಯ ಬೆಡ್‌ಶೀಟು ಅಲುಗಾಡಿ, ಅದರ ಹಿಂದಿನಿಂದ ಅರ್ಧಣ್ಣನ ತಲೆ ಇಣುಕಿತು.

“ಥೂ ನಿನ್ನ! ಅರ್ಧ ಪ್ರಾಣ ಹೋಯ್ತಲ್ಲೋ ನಂದು!”

“ಉಳಿದರ್ಧ ಜೋಪಾನ ಅಕ್ಕಾ. ಅರ್ಧದಲ್ಲಿ ಬದುಕೋದು ಹೇಗೆ ಅಂತ ಬೇಕಾದ್ರೆ ನಾನು ಹೇಳಿಕೊಡ್ತೀನಿ.”

ಜೈಲಿನಿಂದ ಹೊರಬಂದವರನ್ನು ಕೆಲಸಕ್ಕಿಟ್ಟುಕೊಂಡರೆ, ಅವರ ಸಂಬಳದ ಅರ್ಧವನ್ನು ಒಂದು ವರ್ಷ ಸರ್ಕಾರವೇ ಕೊಡುತ್ತಿತ್ತು. ಅವನು ಹಾಗೆ ಬಂದವನು. ಬಂದ ವಾರವೇ ಇಸ್ತ್ರಿಯಮ್ಮ ಅರ್ಧಣ್ಣ ಎಂದು ಹೆಸರಿಟ್ಟಿದ್ದಳು. “ನಿನ್ನ ಬಲಗೈ ಯಜಮಾನ್ರದ್ದು, ಎಡಗೈ ಸರ್ಕಾರದ್ದು. ಅದಕ್ಕೇ ನೋಡು, ಎಡಗೈ ಫೈಲಿನ ಹಾಗೆ ನಿಧಾನ!” ಎಂದಿದ್ದಳು. ಅವನಿಗೆ ಬೇಸರವಾಗಿರಲಿಲ್ಲ. ಜೈಲಿನೊಳಗೆ ನಂಬರು ಹಿಡಿದು ಕರೆಯುತ್ತಿದ್ದರು. ಈ ಹೆಸರಿನ ಕೊನೆಗಾದರೂ ಒಂದು ಅಣ್ಣ ಇತ್ತು.

ಒಳಗೂ ಅವನನ್ನು ಕಾಪಾಡಿದ್ದು ಈ ಗಂಟಲೇ. ವಾರ್ಡನ್ನರ ಕೆಮ್ಮು, ಡಾಕ್ಟರ ಗೊಣಗು, ಅಡುಗೆಯವನ ಬೈಗುಳ, ಯಾರದು ಬೇಕೋ ಅವರದು. ನಗಿಸುವವನಿಗೆ ಹೊಡೆಯಲು ಯಾರಿಗೂ ಕೈ ಬರುತ್ತಿರಲಿಲ್ಲ.

“ಮುಗೀತಾ ನನ್ನ ಪಾರ್ಟು?”

ಈ ಸಲ ದನಿ ಬಾಗಿಲ ಕಡೆಯಿಂದ ಬಂತು. ಯಜಮಾನರು ನಿಂತಿದ್ದರು. ಬೇರೆ ದಿನವಾಗಿದ್ದರೆ “ಮೂಗು ಇನ್ನೂ ಸ್ವಲ್ಪ ಹಿಡಿಬೇಕು ಕಣೋ” ಎಂದು ತಾವೇ ತಿದ್ದಿ ನಗುತ್ತಿದ್ದರು. ಇವತ್ತು ಅವನ ಮುಖ ನೋಡದೆ, “ಸ್ವಲ್ಪ ಆಫೀಸಿಗೆ ಬಾಪ್ಪಾ” ಎಂದು ತಿರುಗಿ ನಡೆದರು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅರ್ಧಣ್ಣನಿಗೆ.

ಆಫೀಸಿನ ಹೊರಗಿನ ಬೆಂಚಿನ ಮೇಲೆ ಲಂಬು ಕೂತಿದ್ದ. ಒಳಗಿದ್ದಾಗ ಪಕ್ಕದ ಚಾಪೆಯವನು. ಕಾಲು ಎಲ್ಲಿಡುವುದೆಂದು ತಿಳಿಯದೆ ಮಡಿಚಿಟ್ಟುಕೊಂಡಿದ್ದವನು ಇವನನ್ನು ಕಂಡದ್ದೇ ಎದ್ದ. “ಅಣ್ಣಾ! ನೀನು ಹೇಳಿದ್ದಕ್ಕೇ ಕರೆಸಿದ್ರು ನೋಡು!”

ಹೌದು, ಹೇಳಿದ್ದು ಇವನೇ. ಹೋದ ತಿಂಗಳು ಯಜಮಾನರು ಟೀ ಕುಡಿಸಿ, “ಜೈಲಿಂದ ಬಂದವರಲ್ಲಿ ನಿನ್ನಂಥ ಕೆಲಸಗಾರ ಇನ್ಯಾರಾದ್ರೂ ಇದ್ದಾರೇನಪ್ಪಾ?” ಎಂದು ಕೇಳಿದ್ದರು. ತನ್ನ ಕೆಲಸ ಮೆಚ್ಚಿ ಕೇಳುತ್ತಿದ್ದಾರೆಂದು ಎದೆ ಉಬ್ಬಿಸಿಕೊಂಡು ಲಂಬುವಿನ ಗುಣಗಾನ ಮಾಡಿದ್ದ. ಅಷ್ಟಕ್ಕೇ ಬಿಡದೆ, “ಬಂದುಬಿಡು, ಯಜಮಾನ್ರು ಅಪ್ಪನ ಹಾಗೆ ನೋಡ್ಕೋತಾರೆ” ಎಂದು ಅವನಿಗೂ ಹೇಳಿ ಕಳಿಸಿದ್ದ.

“ಕೂತ್ಕೋ,” ಎಂದರು ಯಜಮಾನರು. ಅವನು ನಿಂತೇ ಇದ್ದ. “ಸರ್ಕಾರ ಕೊಡೋದು ಈ ತಿಂಗಳಿಗೆ ಮುಗೀತಪ್ಪಾ. ಪೂರ್ತಿ ಸಂಬಳ ಕೊಡೋ ತಾಕತ್ತು ನನಗಿಲ್ಲ. ಬಾಯ್ಲರು ನೋಡ್ತಿದೀಯಲ್ಲ, ನನಗಿಂತ ಜೋರಾಗಿ ಕೆಮ್ಮುತ್ತೆ.”

“ಅರ್ಧ ಸಂಬಳಕ್ಕೇ ಮಾಡ್ತೀನಿ ಯಜಮಾನ್ರೇ. ಹೇಗೂ ಅರ್ಧಣ್ಣ ತಾನೇ.”

“ಅಷ್ಟು ಕಮ್ಮಿ ಕೊಡೋದು ತಪ್ಪಂತೆ. ಕಾನೂನು ನಿನ್ನ ಪರವಾಗೇ ಇದೆ, ಅದೇ ತೊಂದರೆ.” ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. “ಹೊಸಬ ಬಂದ್ರೆ ಮತ್ತೆ ಒಂದು ವರ್ಷ ಕೊಡ್ತಾರೆ. ಆದ್ರೆ ಇದ್ದವನನ್ನ ನಾನು ತೆಗೆದು ಹಾಕಿದ್ರೆ ಕೊಡಲ್ಲ. ಅವನಾಗೇ ಬಿಟ್ಟಿರಬೇಕು.”

“ನಾನಾಗೇ?”

“ನೀನಾಗೇ. ಇಲಾಖೆ ಮೇಡಂ ಈಗ ಬರ್ತಾರೆ, ನಿನ್ನನ್ನೇ ಕೇಳ್ತಾರೆ. ನೀನು ಇಲ್ಲ ಅಂದ್ರೆ ಆ ಹುಡುಗನಿಗೂ ಕೆಲಸ ಇಲ್ಲ. ನಿನ್ನನ್ನಂತೂ ಉಳಿಸಿಕೊಳ್ಳೋಕಾಗಲ್ಲ. ಇಬ್ರ ಅನ್ನಕ್ಕೂ ಯಾಕೆ ಕಲ್ಲು ಹಾಕ್ಬೇಕು, ಅಲ್ವೇನಪ್ಪಾ?”

ಸ್ವಂತ ಅಕ್ಕನ ಮನೆಯಲ್ಲಿ ತಾನು ಮಲಗುತ್ತಿದ್ದ, ಮೆಟ್ಟಿಲ ಕೆಳಗಿನ ಮಂಚ ಕಣ್ಣಿಗೆ ಬಂತು. ಅಕ್ಕ ಅದಕ್ಕೊಂದು ಹೂವಿನ ಪರದೆ ಕಟ್ಟಿದ್ದಳು. “ಕೆಲಸ ಇರೋ ತನಕ ಇರಲಿ” ಎಂದು ಭಾವ ಮೊದಲ ದಿನವೇ, ಇವನಿಗೂ ಕೇಳುವ ಹಾಗೆ, ಅಕ್ಕನಿಗೆ ಹೇಳಿದ್ದರು. ಅಕ್ಕಪಕ್ಕದವರು ಕೇಳಿದರೆ “ನಮ್ಮ ಬಾಮೈದ, ಲಾಂಡ್ರೀಲಿದಾನೆ” ಎನ್ನುತ್ತಿದ್ದರು. ಮುಂದಿನ ತಿಂಗಳಿಂದ ಅವರು ಏನೆನ್ನಬೇಕು? ಆಮೇಲೆ ಅಕ್ಕ ಯಾರ ಮುಖ ನೋಡಬೇಕು, ಗಂಡನದೋ ತಮ್ಮನದೋ?

“ಬೇರೆ ಕಡೆ ನೀವೊಂದು ಮಾತು ಹೇಳಿದ್ರೆ...” ಎಂದು ಬಾಯಿ ತೆರೆದ.

“ಹೇಳ್ತೀನಿ ಕಣಪ್ಪಾ. ಖಂಡಿತ ಹೇಳ್ತೀನಿ,” ಎಂದ ಯಜಮಾನರು ಯಾರಿಗೆ ಹೇಳುವುದೆಂದು ಹೇಳಲಿಲ್ಲ.

ಮೇಡಂ ಬಂದರು. ಇಲಾಖೆಯವರಾದರೂ ಬಿಸಿಲಲ್ಲಿ ಅಲೆದು ಬಾಡಿದ್ದ ಮುಖ. ನೀರು ಕುಡಿದು, ಮರ್ಯಾದೆಯಿಂದಲೇ ಕೇಳಿದರು. “ನೀವಾಗೇ ಕೆಲಸ ಬಿಡ್ತಿದೀರಾ? ಯಾರಾದ್ರೂ ಒತ್ತಾಯ ಮಾಡಿದ್ರೆ ಹೇಳಿ. ಹೆದರ್ಕೋಬೇಡಿ, ನಿಮ್ಮ ಮಾತಲ್ಲೇ ಹೇಳಿ.”

ಬಾಗಿಲ ಗಾಜಿನಾಚೆ ಲಂಬುವಿನ ಉದ್ದ ಕತ್ತು ಕಾಣುತ್ತಿತ್ತು. ಅರ್ಧಣ್ಣ ಗಂಟಲು ಸರಿಮಾಡಿಕೊಂಡ. ವಾರ್ಡನ್ನು, ಡಾಕ್ಟರು, ಅಡುಗೆಯವನು ಎಲ್ಲ ಆ ಗಂಟಲಲ್ಲೇ ಸಾಲಾಗಿ ನಿಂತಿದ್ದರು. ಅವರನ್ನು ಪಕ್ಕಕ್ಕೆ ಸರಿಸಿ ತನ್ನ ದನಿಯನ್ನು ಹುಡುಕಿದ. ಸಿಗಲಿಲ್ಲ. ಮೇಡಂ ಕಾಯುತ್ತಿದ್ದರು.

“ಹೂಂ, ನಾನಾಗೇ ಬಿಡ್ತಿದೀನಿ. ಮನುಷ್ಯ ಅಂದ್ಮೇಲೆ ಮುಂದೆ ಹೋಗ್ತಿರಬೇಕು, ಅಲ್ವೇನಪ್ಪಾ?”

ಮೂಗು ಇವತ್ತು ಸರಿಯಾಗಿ ಹಿಡಿದಿತ್ತು. ಮೇಡಂ ನಕ್ಕುಬಿಟ್ಟರು. “ಅಯ್ಯೋ, ಥೇಟ್ ನಿಮ್ಮ ಹಾಗೇ ಮಾತಾಡ್ತಾರಲ್ಲ ಸಾರ್! ವರ್ಷದಲ್ಲಿ ಚೆನ್ನಾಗಿ ಪಳಗಿಸಿದೀರಿ.”

ಯಜಮಾನರು ನಗಲಿಲ್ಲ. ಫ್ಯಾನಿನ ಗುಂಡಿಯನ್ನು ಸುಮ್ಮನೆ ಒಮ್ಮೆ ಆರಿಸಿ, ಮತ್ತೆ ಹಾಕಿದರು.

ಮೇಡಂ ಹೋದ ಮೇಲೆ ತಗ್ಗಿದ ದನಿಯಲ್ಲಿ, “ಸಂಜೆ ತನಕ ಆ ಹುಡುಗನಿಗೆ ಸ್ವಲ್ಪ ಕೆಲಸ ತೋರಿಸಿಕೊಡಪ್ಪಾ,” ಎಂದರು.

ಮಡಿಚುವ ಕೋಣೆಯಲ್ಲಿ ಇಬ್ಬರೂ ಬೆಡ್‌ಶೀಟಿನ ಒಂದೊಂದು ತುದಿ ಹಿಡಿದು ಎದುರುಬದುರು ನಿಂತರು. ಇದು ಒಬ್ಬರಿಂದ ಆಗುವ ಕೆಲಸವಲ್ಲ.

“ಮೂಲೆ ಬಿಡಬೇಡ. ಮೊದಲು ಎಳಿ. ಜಗ್ಗು, ಇನ್ನೂ. ಹಾಂ, ಈಗ ಮೂಲೆಗೆ ಮೂಲೆ ಸೇರಿಸು, ನನ್ನ ಕಡೆ ನಡ್ಕೊಂಡು ಬಾ.”

ಲಂಬು ನಾಲ್ಕೇ ಹೆಜ್ಜೆಯಲ್ಲಿ ಬಂದು ತನ್ನ ತುದಿಯನ್ನು ಇವನ ಕೈಗಿಟ್ಟ. ಬಗ್ಗಿ, ಕೆಳಗೆ ಜೋಲುತ್ತಿದ್ದ ಮಡಿಕೆಯನ್ನು ಎತ್ತಿಕೊಂಡ. “ಜಾಗ ಹೇಗೋ ಏನೋ ಅಂತ ಭಯ ಇತ್ತಣ್ಣ. ಜೊತೆಗೆ ನೀನಿರ್ತೀಯಲ್ಲ, ಇನ್ನೇನು!”

“ಉಲ್ಟಾ ಹಿಡಿದಿದೀಯ,” ಎಂದ ಅರ್ಧಣ್ಣ. “ಅಂಚು ಒಳಗೆ ಬರಬೇಕು.”

ಮುಂದಿನದನ್ನು ಬಿಡಿಸಿದರು. ಆಚೆ ಕೋಣೆಯಿಂದ, ಇನ್ನೂ ಏನೂ ಗೊತ್ತಿಲ್ಲದ ಇಸ್ತ್ರಿಯಮ್ಮ ಕೂಗಿದಳು. “ಅರ್ಧಣ್ಣಾ! ಆ ಮಡಿಚಿದ ಗಂಟು ಈ ಕಡೆ ತಗೊಂಬಾರೋ!”

ಅವನು ಓಗೊಡಲಿಲ್ಲ. ಆ ಹೆಸರು ಯಾರದೆಂದು ತಿಳಿಯದೆ ಲಂಬು ಅತ್ತಿತ್ತ ನೋಡಿದ. ಕೋಣೆಯಲ್ಲಿ ಬೇರೆ ಯಾರೂ ಕಾಣದೆ, “ಬಂದೇ ಅಕ್ಕಾ!” ಎಂದು ತನ್ನ ತುದಿಯನ್ನು ಬಿಟ್ಟು, ಗಂಟನ್ನು ಹೆಗಲಿಗೇರಿಸಿಕೊಂಡು ಓಡಿದ.

ಬೆಡ್‌ಶೀಟಿನ ಆ ತುದಿ ನೆಲದ ಮೇಲೆ ಬಿದ್ದಿತ್ತು. ಈ ತುದಿಯ ಎರಡು ಮೂಲೆಗಳನ್ನು ಎತ್ತಿ ಹಿಡಿದುಕೊಂಡು ಅರ್ಧಣ್ಣ ನಿಂತೇ ಇದ್ದ.