ಎರಡು ರಿಂಗಿನ ಖಾತ್ರಿ

ಬ್ಯಾಕಪ್ ನಿಯಮಾವಳಿಯ ನಾಲ್ಕನೆಯ ಪರಿಚ್ಛೇದದಲ್ಲಿ ತಪ್ಪೇನೂ ಇರಲಿಲ್ಲ. ಮಹಾಮಾಯಾ ಅದನ್ನು ಹನ್ನೊಂದನೆಯ ಸಲ ಓದುತ್ತಿದ್ದಳು. 'ಲಾಗ್ ಫೈಲಿನ ಪ್ರತಿ ಸುರಕ್ಷಿತವಾಗಿದೆ ಎಂದು ಖಾತ್ರಿ ಬಂದ ಮೇಲೆ ಮೂಲವನ್ನು ಅಳಿಸತಕ್ಕದ್ದು.' ಖಾತ್ರಿ ಯಾರಿಂದ ಬರಬೇಕು, ಹೇಗೆ ಬರಬೇಕು ಎಂಬುದನ್ನು ಬರೆದವರು ಓದುವವರ ಮರ್ಯಾದೆಗೆ ಬಿಟ್ಟಿದ್ದರು.

ಬೀದರದ ಗಾಂಧಿ ಗಂಜದ ಹಿಂದಿನ ಆ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಎಂ.ಸಿ.ಎ. ಓದಿದವಳು ಅವಳೊಬ್ಬಳೇ. ಶಾಖೆಗಳ ಕಂಪ್ಯೂಟರಿನಲ್ಲಿ ಏನು ಬದಲಾದರೂ ಮೊದಲು ಲಾಗ್ ಫೈಲಿನಲ್ಲಿ ದಾಖಲಾಗುತ್ತಿತ್ತು. ಯಂತ್ರ ಸತ್ತರೆ, ಹಳೆಯ ಬ್ಯಾಕಪ್ಪಿನ ಮೇಲೆ ಈ ಫೈಲುಗಳನ್ನು ಓಡಿಸಿ ಎಲ್ಲವನ್ನೂ ಮತ್ತೆ ಕಟ್ಟಬಹುದು. ನಾಳೆ ತಪಾಸಣೆ. ಸಂಜೆಯೊಳಗೆ ಪರಿಚ್ಛೇದವನ್ನು ತಿಳಿಯುವ ಹಾಗೆ ಬರೆದುಕೊಡು ಎಂದು ಮ್ಯಾನೇಜರ್ ಮಚ್ಛೇಂದ್ರ ಹೇಳಿದ್ದರು. ಅವಳು ಹೂಂ ಅಂದಿದ್ದಳು. ಬರೆಯುವುದಷ್ಟೇ ಅವಳಿಗೆ ಬರುತ್ತಿತ್ತು, ಬಾಯಿಬಿಟ್ಟು ಹೇಳುವುದಲ್ಲ.

ಔರಾದಿನ ಶಾಖೆಗೆ ಫೋನ್ ಮಾಡಿದಳು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಖಾಸಿಂ ಅಲಿಗೆ ಯಾವ ಗೊಂದಲವೂ ಇರಲಿಲ್ಲ.

"ಸೋಮವಾರಕ್ಕೊಮ್ಮೆ ಪೆನ್‌ಡ್ರೈವ್ ನಮ್ಮ ಪ್ಯೂನ್ ಪಂಢರಿ ಕೈಯಾಗ ಕೊಟ್ಟು ಬಸ್ ಹತ್ತಸ್ತೇನ್ರಿ ಮೇಡಂ. ಬೀದರದಾಗ ಇಳದು ಅಂವಾ ಮಿಸ್ ಕಾಲ್ ಕೊಡ್ತಾನ್ರಿ. ಖಾತ್ರಿ ಆತು. ಅಳಸ್ತೇನ್ರಿ."

"ತೆಗದು ನೋಡೋರು ಯಾರ್ರಿ?"

"ಅದು ನಿಮ್ಮ ಕಡಿ ಅಲ್ಲೇನ್ರಿ?"

ಅವಳ ಕಡೆ ಒಂದು ಡ್ರಾಯರಿತ್ತು. ಅದರಲ್ಲಿ ದಿನಾಂಕ ಅಂಟಿಸಿದ ಹನ್ನೆರಡು ಪೆನ್‌ಡ್ರೈವ್. ಒಂದೊಂದನ್ನೇ ತೆರೆದಳು. ಎಲ್ಲದರಲ್ಲೂ ಒಂದೇ ಚಿತ್ರ, ಮೂಲೆಯಲ್ಲಿ ಸಣ್ಣ ಬಾಗಿದ ಬಾಣ. ಫೈಲುಗಳಲ್ಲ, ಔರಾದಿನ ಯಂತ್ರದಲ್ಲಿ ಫೈಲುಗಳಿರುವ ಜಾಗವನ್ನು ತೋರಿಸುವ ಶಾರ್ಟ್‌ಕಟ್. ಖಾಸಿಂ ಅಲಿ ವಾರವಾರವೂ ಬಾಣವನ್ನು ಕಳಿಸಿ, ಬಾಣ ತೋರಿಸುತ್ತಿದ್ದುದನ್ನು ಅಳಿಸಿದ್ದ. ಇವಳು ವಾರವಾರವೂ ಸ್ವೀಕೃತಿಯ ಪೋಂಚ ಪುಸ್ತಕದಲ್ಲಿ 'ತಲುಪಿತು' ಎಂದು ಸಹಿ ಮಾಡಿದ್ದಳು. ಭಾಲ್ಕಿ ಶಾಖೆಗೆ ಪೆನ್‌ಡ್ರೈವ್ ಇನ್ನೂ ಮಂಜೂರಾಗಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲವೂ ಸುರಕ್ಷಿತವಾಗಿತ್ತು.

'ಪ್ರತಿಯನ್ನು ತೆರೆದು ನೋಡದೆ ಮೂಲವನ್ನು ಅಳಿಸಬಾರದು. ಹನ್ನೆರಡು ವಾರಗಳಿಂದ ಯಾರೂ ತೆರೆದಿಲ್ಲ.' ಇಷ್ಟನ್ನು ಬರೆದು ಮಚ್ಛೇಂದ್ರರ ಮುಂದಿಟ್ಟಳು. ಅವರು ಎರಡೂ ವಾಕ್ಯಗಳ ಮೇಲೆ ನಿಧಾನವಾಗಿ ಪೆನ್ನು ಎಳೆದರು.

"ಯಂತ್ರ ಸತ್ತದೇನು?"

"ಇಲ್ರಿ."

"ಮತ್ತ ಈಗೇ ಯಾಕ ಮಣ್ಣು ಕೊಡ್ಲಾಕ ಹೊಂಟಿ, ತಂಗಿ? 'ದೂರವಾಣಿ ಮುಖಾಂತರ ಖಾತ್ರಿ ಪಡೆದು' ಅಂತ ಬರಿ. ಸಾಫ್ ಆಗ್ತದ." ಪೆನ್ನಿಗೆ ಮುಚ್ಚಳ ಹಾಕುತ್ತ ಕೇಳಿದರು: "ಪೋಂಚ ಪುಸ್ತಕದಾಗ ಸಹಿ ಯಾರವು?"

ಸಹಿಗಳೆಲ್ಲ ಅವಳವೇ. ಅವಳು ಹೂಂ ಅಂದು ಹಾಳೆ ತಿರುಗಿ ತೆಗೆದುಕೊಂಡಳು.

ಹೊಸ ಪರಿಚ್ಛೇದ ತಿಳಿಯಾಗಿತ್ತು. ಯಾರಿಗೂ ಪ್ರಶ್ನೆ ಬರುವಂತಿರಲಿಲ್ಲ.

ಆರೂವರೆಗೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಫೋನ್ ಹಚ್ಚಿದಳು. ಕಾಲೇಜಿನ ದಿನಗಳಿಂದ ಬಂದ ಪದ್ಧತಿ: ಬಾಡಿಗೆ ಕೋಣೆ ಸೇರಿದ ಮೇಲೆ ಎರಡು ರಿಂಗು, ಊರು ಎಕಂಬಾದಲ್ಲಿ ಅವ್ವ ಶಾಲುಬಾಯಿ ಕಟ್ ಮಾಡಿ ನಿಶ್ಚಿಂತಳಾಗುತ್ತಾಳೆ. ಫೋನಿನ ಮಾತು ಪುಕ್ಕಟೆಯಾದ ಮೇಲೂ ಅದೇ ನಡೆದಿತ್ತು. ಇವತ್ತು ಎತ್ತಲಿ ಅಂದುಕೊಂಡಳು. ಹೇಳಬೇಕಾದುದನ್ನು ಡೈರಿಯಲ್ಲಿ ಬರೆದುಕೊಂಡೇ ಬಂದಿದ್ದಳು: ಅವ್ವಾ, ನಾ ಇವತ್ತ ಒಂದು ಸುಳ್ಳು ಬರದೀನಿ.

ಒಂದು. ಎರಡು. ಕಟ್ಟಾಯಿತು.

ಎಕಂಬಾದಲ್ಲಿ, ಅವ್ವನ ಲೆಕ್ಕದಲ್ಲಿ, ಈಗ ಮಹಾಮಾಯಾ ಕೋಣೆ ಸೇರಿದ್ದಳು. ದೀಪ ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮೆಟ್ಟಿಲ ಮೇಲೆ ಉಳಿದವಳ ಕೈಯಲ್ಲಿ ಆ ಕೋಣೆಯ ಕೀಲಿಕೈ ಇತ್ತು.