ಆಟಿ ಹದಿನೆಂಟರ ಮಾರನೆಯ ದಿನ

ಮಡಿಕೇರಿಯನ್ನು ಖಾಲಿ ಮಾಡಿಸಿದ ಮೇಲೆ ಅದು ಎರಡನೆಯ ಮಳೆಗಾಲ. ಗುಡ್ಡ ಮೂರು ಕಡೆ ಜಾರಿ, ಕರೆಂಟು ನೀರು ನಿಂತು, ಕೊನೆಗೆ ಮೈಕಿನಲ್ಲಿ ಕೂಗಿ ಎಲ್ಲರನ್ನೂ ಕೆಳಗಿಳಿಸಿದ್ದರು. ಇಳಿಯದೆ ಉಳಿದವರು, ಇಳಿದರೂ ಕ್ಯಾಂಪಿನಿಂದ ಓಡಿ ಬಂದವರು ಸೇರಿ ಮೂರು ಗುಂಪಾಗಿದ್ದರು. ಎಲ್ಲರೂ ಇಪ್ಪತ್ತೆರಡರ ಒಳಗಿನವರೇ. ವಯಸ್ಸಾದವರು ಇಂಥ ಕಡೆ ನಿಲ್ಲುವುದಿಲ್ಲ. ಅವರಿಗೆ ಬುದ್ಧಿ ಇರುತ್ತದೆ.

ಮೋಕ್ಷಿತಾಳ ಗುಂಪಿನಲ್ಲಿ ನಾಲ್ವರು. ಅವಳಿಗೆ ಹತ್ತೊಂಬತ್ತು, ಉದಯ ಒಂದು ವರ್ಷ ದೊಡ್ಡವನು, ಮಿಲನ್‌ಗೆ ಹದಿನೇಳು. ಸುಮಿತಾ ಪಾಲಿಬೆಟ್ಟದ ಎಸ್ಟೇಟ್ ಲೈನಿನಿಂದ ಬಂದ ಹದಿನಾಲ್ಕರ ಹುಡುಗಿ. ಒಂದು ಲಾಡ್ಜಿನ ಎರಡನೆಯ ಮಹಡಿಯಲ್ಲಿ ಅವರ ಸಂಸಾರ. ಕೆಳಗಿನದು ಮಣ್ಣಿನಲ್ಲಿ ಹೂತಿತ್ತು. ಬಿದ್ದ ಮನೆಗಳಿಂದ ತಾಮ್ರದ ವಯರು, ನಲ್ಲಿ, ಸಿಲಿಂಡರ್ ಎಳೆದು ತಂದರೆ ವಾರಕ್ಕೊಮ್ಮೆ ಜಾರಿದ ರಸ್ತೆಯ ಆಚೆಗೆ ಬರುವ ಜೀಪಿನವನು ಅಕ್ಕಿ ಕೊಡುತ್ತಿದ್ದ. ಊರಿನಲ್ಲಿ ಸೋರದ ಸೂರು ಅಂತ ಉಳಿದದ್ದು ಅದೊಂದೇ. ಅದರ ಮೇಲೆ ಬಸ್‌ಸ್ಟ್ಯಾಂಡಿನ ಚೇತನ್‌ಕುಮಾರನ ಗುಂಪಿಗೆ ಕಣ್ಣಿತ್ತು.

ಸುಂಟಿಕೊಪ್ಪದ ಹತ್ತಿರ ಪೊಲೀಸರು ಗೇಟು ಹಾಕಿ ಕೂತಿದ್ದರು. ಪಕ್ಕದಲ್ಲಿ ನರ್ಸ್ ಇರುವ ಟೆಂಟು. ಅಲ್ಲಿಗೆ ಹೋದವರನ್ನು ವಾಪಸ್ ಬಿಡುವುದಿಲ್ಲ. ಹುಡುಗರನ್ನು ಒಂದು ಕಡೆ, ಹುಡುಗಿಯರನ್ನು ಇನ್ನೊಂದು ಕಡೆ ಕಳಿಸುತ್ತಾರೆ. ವಯರು ಕಿತ್ತದ್ದಕ್ಕೆ ಕೇಸೂ ಹಾಕಬಹುದು. ಹಾಗಾಗಿ ಜ್ವರಕ್ಕೆಲ್ಲ ಯಾರೂ ಇಳಿಯುತ್ತಿರಲಿಲ್ಲ. ನೆನೆದ ಬಟ್ಟೆಯಲ್ಲೇ ಮಲಗುವವರಿಗೆ ಜ್ವರ ಒಂದು ಸುದ್ದಿಯೂ ಅಲ್ಲ. ಆದರೆ ಜೂನ್‌ನಲ್ಲಿ ಅವರ ಗುಂಪಿನ ಐದನೆಯವನಾದ ಪ್ರಜ್ಞೇಶ್ ಇಲಿಜ್ವರದಲ್ಲಿ ಸತ್ತಿದ್ದ. ಮೂತ್ರ ಕೆಂಪಾದ ನಾಲ್ಕನೆಯ ದಿನಕ್ಕೆ ಮುಗಿದಿತ್ತು. ಆಗ ಮೋಕ್ಷಿತಾ ಒಂದು ನಿಯಮ ಮಾಡಿದಳು.

"ಕೆಂಪು ಕಂಡ್ರೆ ಅದೇ ದಿನ ಇಳಿಯುವುದು. ಒಬ್ಬನ್ನ ಹೊರಲಿಕ್ಕೆ ಮೂರು ಜನ ಬೇಕು, ಅದಕ್ಕೆ ಎಲ್ಲರೂ. ನಾಚಿಕೆ ಗೀಚಿಕೆ ಬೇಡ, ಬಾಯಿ ಬಿಟ್ಟು ಹೇಳ್ಬೇಕು."

ಆಗಸ್ಟ್ ಮೂರರ ಬೆಳಿಗ್ಗೆ ಉದಯ ಒಂದು ಹೊರೆ ಸೊಪ್ಪು ತಂದು ನೆಲಕ್ಕೆ ಹಾಕಿದ.

"ಎಂತ ಅದು?" ಎಂದಳು ಮೋಕ್ಷಿತಾ.

"ಮದ್ದುಸೊಪ್ಪು. ಇವತ್ತು ಆಟಿ ತಿಂಗಳ ಹದಿನೆಂಟು ಮಾರಾಯ್ತಿ. ಹದಿನೆಂಟು ಬಗೆ ಔಷಧಿ ಇವತ್ತೊಂದು ದಿನ ಇದ್ರೊಳಗೆ ಬಂದು ಕೂತಿರ್ತದೆ."

"ಊರೇ ಎದ್ದು ಹೋಗಿದೆ, ಔಷಧಿ ಇನ್ನೂ ಇಲ್ಲೇ ಉಂಟಾ?"

"ಅದಕ್ಕೆ ಮೈಕ್ ಕೇಳ್ಸಲಿಲ್ಲ ಅಂತ ಕಾಣ್ತದೆ."

ಸೊಪ್ಪು ಬೇಯಿಸಿದ ನೀರು ನೇರಳೆಗೆ ತಿರುಗಿತು. ಅದಕ್ಕೆ ಅಕ್ಕಿ ಹಾಕಿ, ಕುಸಿದ ಅಂಗಡಿಯೊಂದರಲ್ಲಿ ಸಿಕ್ಕಿದ ಅಚ್ಚುಬೆಲ್ಲ ಹಾಕಿ ಪಾಯಸ ಮಾಡಿದರು. ಆ ಘಾಟು ಪರಿಮಳಕ್ಕೆ ಲಾಡ್ಜು ಒಂದು ಹೊತ್ತು ಮನೆಯ ಹಾಗಾಯಿತು. ಮಿಲನ್ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಸಿಲಿಂಡರ್ ಹೊತ್ತು ಮೀನಖಂಡ ಹಿಡಿದಿದೆ ಎಂದಿದ್ದ. ಸುಮಿತಾ ಬಟ್ಟಲು ಕೊಟ್ಟಾಗ, "ಬಿಸಿ ಆರಲಿ, ತಿಂತೇನೆ" ಎಂದು ಪಕ್ಕಕ್ಕಿಟ್ಟುಕೊಂಡ.

ಮಾರನೆಯ ಬೆಳಿಗ್ಗೆ ಉದಯ ತಾರಸಿಯ ಅಂಚಿನಿಂದ ಕೂಗಿದ. "ಬೀಟ್‌ರೂಟ್ ಜ್ಯೂಸ್! ಯಾರಿಗೆ ಬೇಕು?"

"ಥೂ, ಮರ್ಯಾದೆ ಇಲ್ಲದವ್ನೇ!" ಎಂದು ಮೋಕ್ಷಿತಾ ಒಳಗಿಂದಲೇ ನಕ್ಕಳು. ಅವಳದ್ದೂ ಅದೇ ಬಣ್ಣವಾಗಿತ್ತು. ಮದ್ದುಸೊಪ್ಪು ತಿಂದ ಮಾರನೆಯ ದಿನ ಮೂತ್ರ ಕೆಂಪಾಗುವುದು ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಎಂದು ಲೆಕ್ಕ.

ಮಿಲನ್ ಗೋಡೆ ಹಿಡಿದುಕೊಂಡು ಬಂದ. "ನಂದೂ ಕೆಂಪು" ಎಂದು ಮೋಕ್ಷಿತಾಳ ಮುಖವನ್ನೇ ನೋಡಿದ.

"ಆಗದಿದ್ರೆ ಹೆದರ್ಬೇಕಿತ್ತು" ಎಂದ ಉದಯ.

"ತಿಂದಿದ್ದಿ ಅಲ್ವಾ?" ಎಂದಳು ಮೋಕ್ಷಿತಾ.

ಮಿಲನ್ ಸ್ವಲ್ಪ ತಡವಾಗಿ ನಕ್ಕ. "ತಿಂದೆ."

ಹೊರಗಿನಿಂದ ಬಂದವರಾಗಿದ್ದರೆ ಅಂದೇ ಗಾಬರಿ ಬಿದ್ದು ಗೇಟಿಗೆ ಓಡುತ್ತಿದ್ದರು. ಇವರು ಇಲ್ಲೇ ಹುಟ್ಟಿದವರು, ನೆಮ್ಮದಿಯಿಂದ ವಯರು ಸುಲಿಯುತ್ತಾ ಕೂತರು. ಎರಡನೆಯ ದಿನ ಮೋಕ್ಷಿತಾ ಮತ್ತೆ ಕೇಳಿದಳು. "ಕಮ್ಮಿ ಆಗ್ತಾ ಉಂಟು" ಎಂದ ಮಿಲನ್. ಜ್ವರದ ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದ.

ಮೂರನೆಯ ಬೆಳಿಗ್ಗೆ ಅವನ ಕಣ್ಣು ಅರಿಶಿನವಾಗಿತ್ತು.

ಮೋಕ್ಷಿತಾ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ನಿಜ ಹೇಳು. ಎಷ್ಟು ತಿಂದಿದ್ದಿ?"

ಅವನು ಮುಖ ತಿರುಗಿಸಿಕೊಂಡ. ಅಳು ಬಂದದ್ದು ಸುಮಿತಾಳಿಗೆ. "ಅಕ್ಕ, ಅವ ತಿನ್ನಲೇ ಇಲ್ಲ. ವಾಕರಿಕೆ ಬರ್ತದೆ ಅಂತ ನಂಗೆ ಕೊಟ್ಟ. ಬೆಲ್ಲ ಉಂಟಲ್ಲ, ತಿಂದೆ."

"ಅವತ್ತೇ ಹೇಳ್ಲಿಕ್ಕೆ ಎಂತ ಧಾಡಿ ನಿಂಗೆ?"

"ಎರಡು ಬಟ್ಲು ತಿಂದೆ ಅಂತ ಬೈತೀರಿ ಅಂತ."

ಮಿಲನ್ ಒಣಗಿದ ತುಟಿ ನೆಕ್ಕಿದ. "ಇಳಿದ್ರೆ ನಾವು ನಾಲ್ಕು ಜನ ನಾಲ್ಕು ದಿಕ್ಕು. ಎರಡು ದಿನದಲ್ಲಿ ಜ್ವರ ಬಿಡ್ತದೆ ಅಂತ ಮಾಡಿದೆ."

ಮೋಕ್ಷಿತಾಳ ಕೈ ಹೊಡೆಯಲು ಎದ್ದು, ಅವನ ಹಣೆ ಮುಟ್ಟಿ ಇಳಿಯಿತು.

ಎರಡು ಬಿದಿರಿಗೆ ಲಾಡ್ಜಿನ ಬೆಡ್‌ಶೀಟು ಕಟ್ಟಿ ಅವನನ್ನು ಮಲಗಿಸಿದರು. ಮೋಕ್ಷಿತಾ ಮುಂದೆ, ಉದಯ ಹಿಂದೆ, ಸುಮಿತಾ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು. ಬಸ್‌ಸ್ಟ್ಯಾಂಡಿನ ಮುಂದೆ ಚೇತನ್‌ಕುಮಾರ್ ಎದ್ದು ಬಂದ. ಮಿಲನ್‌ನ ಕಣ್ಣು ನೋಡಿದ.

"ಇದು ಇಲಿಜ್ವರ ಅಲ್ವಾ? ನೀವು ಮೂರೇ ಜನ ಇವನನ್ನ ಹೊತ್ತು ಜಾರಿದ ರಸ್ತೆ ದಾಟ್ಲಿಕ್ಕೆ ಆಗುದಿಲ್ಲ. ಲಾಡ್ಜಿನ ಕೀ ಕೊಡಿ, ನಮ್ಮವರು ದಾಟಿಸ್ತಾರೆ."

ಉದಯ ಬೈಯಲು ಬಾಯಿ ತೆರೆದ. ಮೋಕ್ಷಿತಾ ಸೊಂಟದಿಂದ ಕೀ ಬಿಚ್ಚಿ ಕೊಟ್ಟಳು. ಆ ಹುಡುಗರು ಮಾತಿಗೆ ತಪ್ಪಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ತಿರುಗಿ ನೋಡದೆ ಲಾಡ್ಜಿನ ಕಡೆ ಓಡಿದರು.

ಗೇಟು ಮುಟ್ಟುವಾಗ ಸಂಜೆ ನಾಲ್ಕು. ನರ್ಸ್ ಗಂಗಮ್ಮ ಗೋಣಿಕೊಪ್ಪಲಿನ ಕಡೆಯವರು. ಮಿಲನ್‌ನ ಹೊಟ್ಟೆ ಒತ್ತಿ ನೋಡಿದರು.

"ಕೆಂಪು ಯಾವಾಗಿಂದ?"

"ಮೊನ್ನೆಯಿಂದ."

"ಅಷ್ಟು ದಿನ ಎಂತ ಮಾಡ್ತಿದ್ರಿ? ಕಣ್ಣು ಕಾಣ್ತಿರ್ಲಿಲ್ವಾ?"

"ಅದರ ಹಿಂದಿನ ದಿನ ಆಟಿ ಹದಿನೆಂಟಿತ್ತಲ್ಲ ಅಕ್ಕ" ಎಂದಳು ಮೋಕ್ಷಿತಾ.

ಗಂಗಮ್ಮನ ಕೈ ಅಲ್ಲೇ ನಿಂತಿತು. ಬೇರೆ ಊರಿನ ನರ್ಸ್ ಆಗಿದ್ದರೆ ಅದೇನೆಂದು ಬಿಡಿಸಿ ಹೇಳಬೇಕಿತ್ತು. "ಅಯ್ಯೋ, ಸೊಪ್ಪಿನ ಕೆಂಪು ಅಂತ ಮಾಡಿದ್ರಾ" ಎಂದರು ಮೆಲ್ಲಗೆ. "ಈಗ ಮೂತ್ರ ಹೋಗ್ತಾ ಉಂಟಾ?"

"ನಿನ್ನೆ ಸಂಜೆಯಿಂದ ಇಲ್ಲ" ಎಂದಳು ಸುಮಿತಾ.

ಗಂಗಮ್ಮ ಮತ್ತೇನೂ ಕೇಳದೆ ಟೆಂಟಿನ ಜೀಪಿನ ಡ್ರೈವರನ್ನು ಕರೆದರು. ಮೈಸೂರಿಗೆ ಒಯ್ಯಬೇಕು, ಜೊತೆಗೆ ಸಂಬಂಧಿಕರು ಒಬ್ಬರು ಬರಬಹುದು ಎಂದರು.

"ನಾನು ಇವನ ಅಕ್ಕ" ಎಂದು ಮೋಕ್ಷಿತಾ ಮುಂದೆ ಬಂದಳು.

ಪೊಲೀಸಿನವನು ಪೆನ್ನು ತೆಗೆದ. "ಮನೆ ಹೆಸರು?"

ಅವಳು ಮಿಲನ್ ಕಡೆ ನೋಡಿದಳು. ಅವನಿಗೆ ಎಚ್ಚರ ತಪ್ಪಿತ್ತು. ಹದಿನಾಲ್ಕು ತಿಂಗಳು ಒಂದೇ ಅನ್ನದ ಪಾತ್ರೆಗೆ ಕೈ ಹಾಕಿದ್ದರು. ಕೊಡಗಿನಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು ಮನೆ ಹೆಸರು. ಮೇಲೆ ಮನೆಗಳೇ ಇಲ್ಲದ್ದರಿಂದ ಅದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ. ಅವಳು ತನ್ನ ಮನೆ ಹೆಸರು ಹೇಳಿದಳು. ಅದೇ ಹೊತ್ತಿಗೆ ಹಿಂದಿನಿಂದ ಉದಯ ತನಗೆ ತೋಚಿದ ಇನ್ನೊಂದು ಹೆಸರು ಹೇಳಿದ.

ಪೊಲೀಸಿನವನು ಇಬ್ಬರನ್ನೂ ನೋಡಿ ಪೆನ್ನು ಮುಚ್ಚಿದ. "ಹೋಗಿ, ಬೆಂಚಿನ ಮೇಲೆ ಕೂತ್ಕೊಳ್ಳಿ. ಹೆಣ್ಮಕ್ಕಳು ಆ ಕಡೆ."

ಗಂಗಮ್ಮ ತಾವೇ ಹತ್ತಿ ಮಿಲನ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಡ್ರೈವರ್ ಹಾರ್ನ್ ಒತ್ತುತ್ತಾ ಜೋರಾಗಿ ಹೊರಟ. ಗಂಗಮ್ಮ ಮಿಲನ್‌ನ ನಾಡಿ ಹಿಡಿದು ನೋಡಿ, ಡ್ರೈವರನ ಭುಜ ತಟ್ಟಿದರು.

"ಇನ್ನು ಅವಸರ ಬೇಡ, ನಿಧಾನ ಹೋಗಪ್ಪಾ. ಹುಡುಗನನ್ನ ಕುಲುಕುವುದು ಬೇಡ."