ಜೋಳದ ಗಂಟು

2025ರ ಫೆಬ್ರುವರಿ 9, ಭಾನುವಾರ ಮಧ್ಯಾಹ್ನ 2.40. ಮುಟ್ಟಿನ ನೋವಿಗೆ ನಾನು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ತಿಕೋಟಾದ ನಮ್ಮ ಮನೆಯಲ್ಲಿ, ಪಕ್ಕದ ಹಾಸಿಗೆಯ ಮೇಲೆ ಬಬಲೇಶ್ವರದಿಂದ ಸೊಸೆಯಾಗಿ ಬಂದ ನೆಗೆಣ್ಣಿ ನೇತ್ರಾ ಅದೇ ನೋವಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ಅವಳ ಕಿಬ್ಬೊಟ್ಟೆಯ ಮೇಲೆ ಅತ್ತೆ ಜೋಳ ಬಿಸಿ ಮಾಡಿ ಕಟ್ಟಿಕೊಟ್ಟ ಬಟ್ಟೆಯ ಗಂಟಿತ್ತು. ಆ ಗೊರಕೆ ಕೇಳಿದಷ್ಟೂ ನನಗೆ ಉರಿಯುತ್ತಿತ್ತು. ತಡೆಯದೆ ಎದ್ದು ಅಡುಗೆಮನೆಗೆ ಹೋದೆ.

"ಅತ್ತಿ, ಬಬಲೇಶ್ವರದ ಸೊಸಿಗಷ್ಟೇ ಏನ್ರಿ ಜೋಳದ ಗಂಟು?"

ಅತ್ತೆ ಕಾಳವ್ವ ತಿರುಗಿ ನನ್ನ ಮುಖ ನೋಡಿದರು. "ನೀ ಬಿಜಾಪುರದ ಕಾಲೇಜಿನಾಗ ಸಾಯನ್ಸ್ ಕಲಿಸಾಕಿ. ಗುಳಿಗಿ ತಗೋತಿ, ಇದನ್ನ ಕೊಟ್ರ ನಗ್ತಿ ಅನ್ಕೊಂಡಿದ್ದೆ ಬೇ."

"ನಗಾಕ ತ್ರಾಣ ಎಲ್ಲೈತ್ರಿ?"

ಅವರು ಒಲೆಯ ಮೇಲೆ ಹಂಚು ಇಟ್ಟು, ಜೋಳ ಬಿಸಿ ಮಾಡಿ ನನಗೊಂದು ಹೊಸ ಗಂಟು ಕಟ್ಟಿದರು. ನೇತ್ರಾಳದನ್ನೂ ಮತ್ತೆ ಬಿಸಿ ಮಾಡಿ ತಂದಿಟ್ಟರು.

ಗಂಟು ಹೊಟ್ಟೆಗೆ ತಾಗುತ್ತಲೇ ನೋವು ಸಡಿಲಾಯಿತು, ಕಣ್ಣು ಎಳೆಯತೊಡಗಿದವು. ಆದರೂ ಮನಸ್ಸು ತಡೆಯಲಿಲ್ಲ. ಕಾಲೇಜಿನ ಚೀಲದಿಂದ ಲ್ಯಾಬಿನ ಥರ್ಮಾಮೀಟರ್ ತೆಗೆದು, ಅವಳಿಗೆ ಎಚ್ಚರವಾಗದಂತೆ ಎರಡೂ ಗಂಟುಗಳೊಳಗೆ ಇಟ್ಟು ನೋಡಿದೆ. ನೇತ್ರಾಳದು ನಲವತ್ತೊಂದು ಡಿಗ್ರಿ. ಇನ್ನು ನಿದ್ದೆ ಬರುತ್ತದೆ ಎನ್ನಿಸಿತು. ನನ್ನದು ನಲವತ್ತಮೂರು ಡಿಗ್ರಿ ಇತ್ತು.